ಕಡಲ ಗೋಡೆ, ನಮ್ಮ ಭೀಮೆ
ರಾತ್ರಿ ರೊಟ್ಟಿ ಉಣ್ಣುತ್ತಾ ಟಿವಿಯಲ್ಲಿ ಸದನ ನೋಡುತ್ತಿದ್ದೆ. ಕರಾವಳಿಯ ಹಳ್ಳಿ ಕಡೆಯ ಶಾಸಕರೊಬ್ಬರು ತಡೆಗೋಡೆಗೆ, ಮೀನುಗಾರರ ರಸ್ತೆಗೆ ದುಡ್ಡು ಕೇಳುತ್ತಿದ್ದರು. ಪ್ರತಿ ಮಳೆಗಾಲ ಕಲ್ಲು ಸುರಿಯುತ್ತೀರಿ, ಸಮುದ್ರ ಅದನ್ನೂ ಎಳೆದುಕೊಂಡು ಹೋಗುತ್ತದೆ ಎಂದರು. ಉಳ್ಳಾಲದಲ್ಲಿ ಮನೆ, ತೆಂಗಿನಮರ ಕಡಲಿಗೆ ಬಿದ್ದದ್ದನ್ನು ನಾವೂ ಸುದ್ದಿಯಲ್ಲಿ ನೋಡಿದ್ದೇವೆ ಅಲ್ವಾ.

ಕಲಬುರಗಿಯಲ್ಲಿ ಕೂತ ನನಗೆ ಸಮುದ್ರ ಬಹಳ ದೂರ. ಆದರೆ 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಿಗೆ ನುಗ್ಗಿದ್ದು, ನಿಂತ ನೀರಿನಲ್ಲಿ ತೊಗರಿ ಕೊಳೆತದ್ದು ಇನ್ನೂ ಕಣ್ಣ ಮುಂದೆಯೇ ಇದೆ. ನಮಗೆ ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಇದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯೂ ಇದೆ, ಆದರೂ ನದಿ ದಂಡೆಯವರು ಅರ್ಜಿ ಹಿಡಿದು ಓಡಾಡುವುದು ತಪ್ಪಿಲ್ಲ. ಆ ಶಾಸಕರ ದನಿ ನಮ್ಮೂರಿನದೇ ಅನ್ನಿಸಿತು. ಅವರಿಗೆ ದುಡ್ಡು ಸಿಗಲಿ, ಮಳೆಗೆ ಮುಂಚೆಯೇ ಸಿಗಲಿ.