ಅಪ್ಪನ ಕಂಪ್ಯೂಟರ್ ಆಫ್ ಆಗಲ್ಲ: ಒಂದು ವಾರದ ಲಾಗ್

ಶನಿವಾರ ರಾತ್ರಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಂತಿತಲ್ಲ, ಆಗ ಅಪ್ಪನ ಹಳೇ ಡೆಸ್ಕ್‌ಟಾಪ್‌ಗೆ ಲಿನಕ್ಸ್ ಮಿಂಟ್ ಅನ್ನೋ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿಕೊಟ್ಟಿದ್ದೆ. ಪಹಣಿ ಪ್ರಿಂಟ್ ತೆಗೆಯುವುದು, ಪೇಪರ್ ಓದುವುದು, ಯೂಟ್ಯೂಬ್‌ನಲ್ಲಿ ಯಕ್ಷಗಾನ. ಅವರಿಗೆ ಅಷ್ಟು ಸಾಕು. ದೂರು ಒಂದೇ: "ಆಫ್ ಮಾಡಿದ್ರೂ ಆಫ್ ಆಗಲ್ಲ ಮಾರಾಯ." ಅವರೇ ಕಂಡುಕೊಂಡ ಉಪಾಯ ಗೋಡೆಯ ಸ್ವಿಚ್. ಟಪ್ ಅಂತ ಆರಿಸಿ ಊಟಕ್ಕೆ ಏಳುತ್ತಾರೆ. ಡಿಸ್ಕ್ ಇನ್ನೂ ಹಾಳಾಗಿಲ್ಲ, ನಮ್ಮ ಪುಣ್ಯ.

ಊರಿಗೆ ಬಂದವನು ಇವತ್ತು ಅದರ ಮುಂದೆ ಕೂತೆ. ಶಟ್‌ಡೌನ್ ಒತ್ತಿದರೆ ಮಿಂಟ್ ಲೋಗೋ ಬಂದು ಅಲ್ಲೇ ನಿಂತಿತು. ಎಸ್ಕೇಪ್ ಕೀ ಒತ್ತಿದೆ. ಲೋಗೋ ಸರಿದು ಹಿಂದಿದ್ದ ಸಾಲುಗಳು ಕಂಡವು. ಕೊನೆ ಸಾಲಿನಲ್ಲಿ ಕೆಂಪು ನಕ್ಷತ್ರಗಳು ಅತ್ತಿಂದಿತ್ತ ಓಡಾಡುತ್ತಿವೆ, ಪಕ್ಕದಲ್ಲಿ "ಸ್ಟಾಪ್ ಜಾಬ್ ನಡೀತಿದೆ" ಅನ್ನೋ ಅರ್ಥದ ಸಾಲು, ಅದರ ಮುಂದೆ ಸೆಕೆಂಡ್ ಎಣಿಕೆ. ಒಂದೂವರೆ ನಿಮಿಷ ಮುಗಿದ ಮೇಲೇ ಅದು ಬಿಟ್ಟಿದ್ದು. ಯಾವುದಾದರೂ ಕೆಲಸ ನಿಲ್ಲದಿದ್ದರೆ ಸಿಸ್ಟಂಡಿ (ಲಿನಕ್ಸ್‌ನಲ್ಲಿ ಕೆಲಸಗಳನ್ನು ಶುರು ಮಾಡಿ ನಿಲ್ಲಿಸುವ ಪ್ರೋಗ್ರಾಂ) ಮಾಮೂಲಾಗಿ 90 ಸೆಕೆಂಡ್ ಕಾಯುತ್ತದೆ.

ಕಾಯುತ್ತಿದ್ದದ್ದು ಯಾವುದಕ್ಕೆ? ನಾನೇ ಜೋಡಿಸಿಕೊಟ್ಟಿದ್ದ ಫೋಟೋ ಫೋಲ್ಡರ್‌ಗೆ. ಅದು ಇರುವುದು ನನ್ನ ಲ್ಯಾಪ್‌ಟಾಪ್‌ನಲ್ಲಿ, ಬರುವುದು ವೈಫೈ ಮೇಲೆ. ವೈಫೈ ಅಪ್ಪನ ಲಾಗಿನ್‌ಗೆ ಮಾತ್ರ ಅಂತ ಸೆಟ್ ಆಗಿತ್ತು. ಲಾಗೌಟ್ ಆದ ಕೂಡಲೇ ವೈಫೈ ಹೋಗುತ್ತದೆ, ಆಮೇಲೆ ಸಿಸ್ಟಂ ಆ ಫೋಲ್ಡರ್ ಬಿಡಿಸಲು ಹೊರಟು, ಆಚೆ ಕಡೆಯಿಂದ ಉತ್ತರವೇ ಇಲ್ಲದೆ ಕಾಯುತ್ತಾ ಕೂರುತ್ತದೆ. 90 ಅನ್ನು 10 ಮಾಡಿ ಅಂತ ಜಾಸ್ತಿ ಜನ ಹೇಳುತ್ತಾರೆ. ನನಗೆ ಅದು ಹಿಡಿಸಲ್ಲ, ತಪ್ಪು ಇದ್ದಲ್ಲೇ ಇರುತ್ತದೆ ಅಲ್ವಾ? ವೈಫೈ ಸೆಟ್ಟಿಂಗ್‌ನಲ್ಲಿ "ಎಲ್ಲ ಬಳಕೆದಾರರಿಗೂ" ಅನ್ನೋದಕ್ಕೆ ಟಿಕ್ ಹಾಕಿದೆ. ಆರೇ ಸೆಕೆಂಡಿಗೆ ಆಫ್.

ಭಾನುವಾರ

ಬೆಳಗ್ಗೆ ಕಾಫಿ ಜೊತೆಗೇ ಬಂತು: "ಸರಿ ಮಾಡಿದೆ ಅಂದ್ಯಲ್ಲ, ಬಂದು ನೋಡು." ಶಟ್‌ಡೌನ್ ಒತ್ತಿ ತೋರಿಸಿದರು. ಫ್ಯಾನ್ ನಿಂತಿತು. ಎರಡು ಸೆಕೆಂಡ್ ಬಿಟ್ಟು ಬುರ್ ಅಂತ ಮತ್ತೆ ಶುರು, ನೆಟ್ಟಗೆ ಲಾಗಿನ್ ಪರದೆಗೆ ಬಂತು. ಅಪ್ಪ ಇಷ್ಟು ದಿನ ಹೇಳುತ್ತಿದ್ದದ್ದು ಇದನ್ನೇ. ನಾನು ಸರಿಮಾಡಿದ್ದು ಬೇರೆ ಕಾಯಿಲೆ!

ಹಿಂದಿನ ಬೂಟ್‌ನ ಲಾಗ್, ಅಂದರೆ ಹಿಂದಿನ ಸಲ ಆನ್ ಆಗಿದ್ದಾಗ ನಡೆದದ್ದರ ದಾಖಲೆ, ತೆಗೆದೆ. ಪವರ್ ಆಫ್ ಹಂತ ತಲುಪಿದ್ದು, ಲಾಗ್ ಬರೆಯುವ ಜರ್ನಲ್ ನಿಂತದ್ದು, ಎಲ್ಲ ನೀಟಾಗಿ ದಾಖಲಾಗಿದೆ. ಅಂದರೆ ಇದು ಸರಿಯಾಗೇ ಮಲಗುತ್ತಿದೆ, ಯಾರೋ ಎಬ್ಬಿಸುತ್ತಿದ್ದಾರೆ.

ಗೋಡೆಯ ಸ್ವಿಚ್ ಹಾಕಿರುವಷ್ಟು ಹೊತ್ತೂ ಎಸ್‌ಎಂಪಿಎಸ್ (ಕಂಪ್ಯೂಟರಿನ ಪವರ್ ಸಪ್ಲೈ) ಮದರ್‌ಬೋರ್ಡಿಗೆ 5 ವೋಲ್ಟ್ ಸ್ಟ್ಯಾಂಡ್‌ಬೈ ಕರೆಂಟ್ ಕೊಡುತ್ತಲೇ ಇರುತ್ತದೆ. ಕಂಪ್ಯೂಟರ್ ಆಫ್ ಆದರೂ ಮೌಸ್ ಹೊಟ್ಟೆಯ ಕೆಂಪು ದೀಪ ಉರಿಯುವುದು ಅದರಿಂದಲೇ. ಆ ಕರೆಂಟಿನಲ್ಲೇ ನೆಟ್‌ವರ್ಕ್ ಅಥವಾ ಯುಎಸ್‌ಬಿ ಕಡೆಯಿಂದ ಯಂತ್ರವನ್ನು ಎಬ್ಬಿಸಬಹುದು. ನೆಟ್‌ವರ್ಕ್ ಕೇಬಲ್ ಇಲ್ಲ, ಹಾಗಾಗಿ ಆ ಅನುಮಾನ ಬಿಟ್ಟೆ. ಉಳಿದದ್ದು ಯುಎಸ್‌ಬಿ. ಪ್ರಿಂಟರ್ ಕಿತ್ತೆ, ಮತ್ತೆ ಎದ್ದಿತು. ಪೆನ್‌ಡ್ರೈವ್ ಕಿತ್ತೆ, ಎದ್ದಿತು. ವೈರ್‌ಲೆಸ್ ಕೀಬೋರ್ಡಿನ ಉಗುರಿನಷ್ಟು ಡಾಂಗಲ್ (ಯುಎಸ್‌ಬಿ ರಿಸೀವರ್) ಕಿತ್ತೆ. ಮೂರು ಸಲ ನೋಡಿದೆ, ಮೂರೂ ಸಲ ತೆಪ್ಪಗೆ ಮಲಗಿತು.

ಕೀಬೋರ್ಡ್ ಬೇಕೇ ಬೇಕಲ್ಲ. ಲಿನಕ್ಸ್‌ನಲ್ಲಿ ಪ್ರಾಕ್ ಅನ್ನೋ ಫೋಲ್ಡರ್ ಒಳಗೆ ಎಸಿಪಿಐ ಅನ್ನೋ ಫೋಲ್ಡರ್, ಅದರೊಳಗೆ ವೇಕಪ್ ಅಂತ ಒಂದು ಫೈಲ್ ಇದೆ. ಯಂತ್ರವನ್ನು ಯಾರ್ಯಾರು ಎಬ್ಬಿಸಬಹುದು ಅನ್ನೋ ಪಟ್ಟಿ ಅಲ್ಲಿರುತ್ತದೆ. ಎಕ್ಸ್‌ಎಚ್‌ಸಿ, ಅಂದರೆ ಯುಎಸ್‌ಬಿ 3 ಕಂಟ್ರೋಲರ್, ಅದರ ಮುಂದೆ ಎನೇಬಲ್ಡ್ ಅಂತಿತ್ತು. ಆ ಫೈಲ್‌ಗೆ ಎಕ್ಸ್‌ಎಚ್‌ಸಿ ಅಂತ ಬರೆದರೆ ಡಿಸೇಬಲ್ ಆಗುತ್ತದೆ. ಡಾಂಗಲ್ ಹಾಕಿಯೇ ಶಟ್‌ಡೌನ್ ಮಾಡಿದೆ. ಏಳಲಿಲ್ಲ.

ಮಂಗಳವಾರ

ಮತ್ತೆ ಏಳುತ್ತಿದೆ. ತಪ್ಪು ನನ್ನದೇ. ವೇಕಪ್ ಫೈಲ್‌ಗೆ ಬರೆದದ್ದು ರೀಬೂಟ್‌ಗೆ ಹೋಗಿಬಿಡುತ್ತದೆ, ಅದಕ್ಕೆ ಬೂಟ್ ಆದಾಗ ಬರೆಯಲಿ ಅಂತ ಒಂದು ಸಿಸ್ಟಂಡಿ ಸರ್ವೀಸ್ ಮಾಡಿದ್ದೆ. ಇರಲಿ ಅಂತ ಸುಮ್ನೆ ಹೇಳಿದ ಹೊತ್ತಿಗೆ ಕೆಲಸ ಮಾಡಿಸುವ ಕ್ರಾನ್‌ನಲ್ಲೂ ಅದೇ ಸಾಲು ಸೇರಿಸಿದ್ದೆ. ಆದರೆ ಹೆಸರು ಬರೆದಾಗಲೆಲ್ಲ ಅದು ತಿರುಗುಮುರುಗಾಗುತ್ತದೆ: ಮೊದಲ ಸಲ ಆಫ್, ಎರಡನೇ ಸಲ ಮತ್ತೆ ಆನ್. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಕ್ರಾನ್ ಸಾಲು ಅಳಿಸಿದೆ.

ಶುಕ್ರವಾರ

ಮೂರು ದಿನದಲ್ಲಿ ಒಂಬತ್ತು ಶಟ್‌ಡೌನ್, ಒಂದೂ ತಪ್ಪಿಲ್ಲ.

ಮೌಸ್ ದೀಪ ಉರಿಯುವುದು ಮಾತ್ರ ಅಪ್ಪನಿಗೆ ಸಮಾಧಾನ ಇಲ್ಲ. "ಕರೆಂಟ್ ತಿನ್ನಲ್ವಾ?" ನಿನ್ನೆ ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಸ್ವಂತ ಸೆಟ್ಟಿಂಗ್ ಪುಟ) ಇಆರ್‌ಪಿ ಅನ್ನೋ ಕರೆಂಟ್ ಉಳಿಸುವ ಸೆಟ್ಟಿಂಗ್ ಆನ್ ಮಾಡಿದೆ. ಆಫ್ ಆದಾಗ ಯುಎಸ್‌ಬಿಗೆ ಹೋಗುವ ಕರೆಂಟನ್ನೂ ಅದು ನಿಲ್ಲಿಸುತ್ತದೆ. ದೀಪ ಆರಿತು. ರಾತ್ರಿ ಅಪ್ಪ ಅಭ್ಯಾಸಬಲದಿಂದ ಗೋಡೆಯ ಸ್ವಿಚ್ಚೂ ಆರಿಸಿ ಮಲಗಿದರು.

ಇವತ್ತು ಕಂಪ್ಯೂಟರ್ ಹಾಕಿ ಆಫ್ ಮಾಡಿದರೆ ದೀಪ ಮತ್ತೆ ಉರಿಯುತ್ತಿದೆ! ಬಯಾಸ್ ತೆರೆದೆ. ಇಆರ್‌ಪಿ ಮತ್ತೆ ಮೊದಲಿನ ಹಾಗೆ ಆಫ್ ಆಗಿದೆ, ತಾರೀಖು ಎಷ್ಟೋ ವರ್ಷ ಹಿಂದಿನದು. ಗೋಡೆಯ ಸ್ವಿಚ್ ಆರಿಸಿದಾಗ ಈ ಸೆಟ್ಟಿಂಗ್, ಗಡಿಯಾರ ಎರಡನ್ನೂ ಉಳಿಸಿಕೊಳ್ಳುವ ಮದರ್‌ಬೋರ್ಡಿನ ಸೆಲ್ ಸತ್ತಿದೆ. ವೈಫೈ ಸಿಕ್ಕ ಕೂಡಲೇ ಮಿಂಟ್ ಟೈಮ್ ಸರಿಮಾಡಿಕೊಳ್ಳುವುದರಿಂದ ಇಷ್ಟು ದಿನ ಯಾರಿಗೂ ಗೊತ್ತಾಗಿರಲಿಲ್ಲ.

ನಾಳೆ ಪೇಟೆಯಿಂದ ತರಬೇಕು: ಸಿಆರ್ 2032 ಸೆಲ್ ಒಂದು.