ನಿಂತ ಗುಳಿಗೆಯ ಲೆಕ್ಕ

ಕಲಬುರಗಿಯ ಆಸ್ಪತ್ರೆಯೊಂದರ ಔಷಧ ಕೌಂಟರಿನಲ್ಲಿ ಕುಳಿತು ಹದಿನಾಲ್ಕು ವರ್ಷವಾಯಿತು. ಇಷ್ಟು ವರ್ಷದಲ್ಲಿ ಕೌಂಟರಿನ ಆಚೆಯಿಂದ ಬಂದ ಸಿಹಿಯನ್ನು ನಾನು ಬೇಡ ಎಂದದ್ದು ಕಡಿಮೆ. ಎರಡು ವರ್ಷದ ಹಿಂದೆ ಅಫಜಲಪುರದ ಕಡೆಯ ಹೆಣ್ಣುಮಗಳೊಬ್ಬರು ಮಾಲಪುರಿಯ ಪೊಟ್ಟಣ ಮುಂದಿಟ್ಟು, "ನಮ್ಮವರ ಟಿಬಿ ಗುಳಿಗೆ ಮುಗಿದವು, ಬಾಯಿ ಸಿಹಿ ಮಾಡಿಕೊಳ್ಳಿ" ಎಂದರು. ಒಂದನ್ನು ಬಾಯಿಗೆ ಹಾಕಿಕೊಂಡೆ, ಬೆರಳು ಒರೆಸಿಕೊಂಡೆ, ಅವರ ಗಂಡನ ವಾರ್ಫರಿನ್, ಅಂದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆಗಳನ್ನು ಹಳೆಯ ಚೀಟಿಯಂತೆಯೇ ಒಂದು ತಿಂಗಳಿಗೆ ಎಣಿಸಿ ಕೊಟ್ಟೆ. ದಿನಕ್ಕೆ 12 ಮಿಲಿಗ್ರಾಂ.

ಮೂರು ವಾರಕ್ಕೆ ಗಂಡನೇ ಬಂದರು. ತುಟಿ ಎಳೆದು ಒಸಡು ತೋರಿಸಿದರು. ಬೆಳಿಗ್ಗೆ ಹಲ್ಲುಜ್ಜಿದ ಬೇವಿನ ಕಡ್ಡಿಯನ್ನು ಕಾಗದದಲ್ಲಿ ಸುತ್ತಿ ತಂದಿದ್ದರು. ಜಗಿದ ತುದಿ ಕುಂಕುಮದಲ್ಲಿ ಅದ್ದಿದಂತಿತ್ತು. ಮೊಣಕೈ ಮೇಲೆ ಅಂಗೈ ಅಗಲದ ನೀಲಿ ಕಲೆ. ಹೃದಯಕ್ಕೆ ಕೃತಕ ಕವಾಟ ಹಾಕಿಸಿಕೊಂಡವರು ಅವರು, ರಕ್ತ ಹೆಪ್ಪುಗಟ್ಟುವುದು ಎಷ್ಟು ತಡವಾಗುತ್ತದೆ ಎಂದು ಹೇಳುವ ಐಎನ್‌ಆರ್ ಅಂಕಿ 2.5ರಿಂದ 3.5ರೊಳಗೆ ಇರಬೇಕಿತ್ತು. ಅಂದು 8 ದಾಟಿತ್ತು.

ಪಕ್ಕದಲ್ಲಿದ್ದ ಸಹೋದ್ಯೋಗಿ ಮೊದಲು ಹಿಡಿದದ್ದು ಪುಂಡಿ ಪಲ್ಯವನ್ನು. ನಮ್ಮ ಕಡೆ ಯಾವ ಕಾಯಿಲೆ ಬಂದರೂ ಯಾವುದಾದರೊಂದು ಪಲ್ಯದ ಮೇಲೆ ಅನುಮಾನ ಬೀಳಲೇಬೇಕು. ಆದರೆ ಸೊಪ್ಪಿನಲ್ಲಿರುವ ಕೆ ಜೀವಸತ್ವ ವಾರ್ಫರಿನ್ನಿನ ಬಲವನ್ನು ಕುಗ್ಗಿಸುತ್ತದೆಯೇ ಹೊರತು ಏರಿಸುವುದಿಲ್ಲ. ಹಳೆಯ ಚೀಟಿಗಳನ್ನು ತಿರುವಿ ಹಾಕಿದೆ. ಟಿಬಿ ಔಷಧ ಶುರುವಾಗುವ ಮುಂಚೆ ಅವರ ಪ್ರಮಾಣ 5 ಮಿಲಿಗ್ರಾಂ ಇತ್ತು. ಕೈಕಾಲು ತಣ್ಣಗಾದವು.

ಟಿಬಿ ಚಿಕಿತ್ಸೆಯ ಆರು ತಿಂಗಳೂ ನುಂಗುವ ರಿಫಾಂಪಿಸಿನ್, ಯಕೃತ್ತಿನ ಕೋಶದೊಳಗೆ ಹೊಕ್ಕು ಇನ್ನಷ್ಟು ಕಿಣ್ವ ತಯಾರಿಸುವಂತೆ ಜೀನುಗಳನ್ನು ಎಬ್ಬಿಸುತ್ತದೆ. ಔಷಧಗಳನ್ನು ಮುರಿಯುವ ಈ ಕಿಣ್ವಗಳದ್ದು ಸೈಟೋಕ್ರೋಮ್ ಪಿ450 ಎಂಬ ದೊಡ್ಡ ಕುಟುಂಬ. ವಾರ್ಫರಿನ್ ಮುಖ್ಯವಾಗಿ ಸಿಗುವುದು ಅದರಲ್ಲಿನ ಸಿವೈಪಿ 2ಸಿ9 ಕೈಗೆ. ನಮ್ಮೂರಿನ ದಾಲ್ ಮಿಲ್ಲುಗಳ ಲೆಕ್ಕದಲ್ಲಿ ಹೇಳುವುದಾದರೆ, ರಿಫಾಂಪಿಸಿನ್ ಯಂತ್ರಗಳ ಸಂಖ್ಯೆಯನ್ನೇ ಹೆಚ್ಚಿಸುವ ಮಾಲೀಕ. ತೊಗರಿ ಎಷ್ಟು ಸುರಿದರೂ ಒಡೆದು ಹೋಗುತ್ತದೆ. ಹಾಗಾಗಿ ವೈದ್ಯರು ರಕ್ತಪರೀಕ್ಷೆ ನೋಡುತ್ತ ನೋಡುತ್ತ 12ರವರೆಗೆ ಏರಿಸಿದ್ದು ಸರಿಯೇ ಆಗಿತ್ತು. ಶಿಲೀಂಧ್ರಕ್ಕೆ ಕೊಡುವ ಫ್ಲುಕೊನಜೋಲ್‌ನ ದಾರಿ ಬೇರೆ: ಇರುವ ಯಂತ್ರದ ಬಾಯಿಗೇ ಕಲ್ಲು ಸಿಕ್ಕಿಸುತ್ತದೆ, ಕೆಲವೇ ದಿನಗಳಲ್ಲಿ ಪರಿಣಾಮ ಕಾಣುತ್ತದೆ. ಹೊಸ ಯಂತ್ರ ಕೂರಿಸುವುದಕ್ಕಾದರೋ ಒಂದೆರಡು ವಾರ ಬೇಕು. ಕಳಚುವುದಕ್ಕೂ ಅಷ್ಟೇ, ಒಮ್ಮೊಮ್ಮೆ ಇನ್ನೂ ಹೆಚ್ಚು. ಟಿಬಿ ಗುಳಿಗೆ ನಿಂತ ಮರುದಿನ ಏನೂ ಆಗದೆ, ಮೂರನೇ ವಾರಕ್ಕೆ ಒಸಡಿನಲ್ಲಿ ರಕ್ತ ಕಂಡದ್ದು ಅದಕ್ಕೇ. ಯಂತ್ರಗಳು ಒಂದೊಂದಾಗಿ ಕಡಿಮೆಯಾಗಿದ್ದವು, ನಾನು ತೊಗರಿಯನ್ನು ಮೊದಲಿನಷ್ಟೇ ಸುರಿದಿದ್ದೆ.

ಅವರನ್ನು ಆ ದಿನವೇ ದಾಖಲು ಮಾಡಿಕೊಂಡರು. ವಾರ್ಫರಿನ್ ನಿಲ್ಲಿಸಿ ಕೆ ಜೀವಸತ್ವ ಕೊಟ್ಟರು, ಅದು ಹೆಚ್ಚಾಗಿ ಕವಾಟದಲ್ಲಿ ರಕ್ತ ಗಟ್ಟಿಯಾಗಬಾರದೆಂದು ಅಳೆದು ಅಳೆದು. ವಾರದೊಳಗೆ ಮನೆಗೆ ಹೋದರು, ಹಳೆಯ 5 ಮಿಲಿಗ್ರಾಂ ಚೀಟಿಯೊಂದಿಗೆ.

ಹೊಸ ಔಷಧ ಏನಾದರೂ ಶುರುವಾಯಿತೇ ಎಂದು ಕೇಳುವುದನ್ನು ಕಾಲೇಜಿನಲ್ಲೇ ಕಲಿಸಿದ್ದರು, ಕೇಳುತ್ತಲೂ ಇದ್ದೆ. ಏನು ನಿಂತಿತು ಎಂದು ಕೇಳುವ ರೂಢಿ ನನಗಿರಲಿಲ್ಲ. ಆ ತಾಯಿ ಕೇಳದೆಯೇ ಹೇಳಿದ್ದರು, ಅದೂ ಸಿಹಿ ಕೊಟ್ಟು.

ಈಗ ನನ್ನ ನೋಂದಣಿ ಪುಸ್ತಕದಲ್ಲಿ 'ನಿಂತದ್ದು' ಎಂಬ ಒಂದು ಕಾಲಂ ಇದೆ, ಪಕ್ಕದಲ್ಲಿ ದಿನಾಂಕ. ಔಷಧ ಮಾತ್ರವಲ್ಲ, ಬೀಡಿಯೂ ಅದರಲ್ಲಿ ಬರುತ್ತದೆ. ಬೀಡಿಯ ಹೊಗೆ ಸಿವೈಪಿ 1ಎ2 ಎಂಬ ಇನ್ನೊಂದು ಕಿಣ್ವವನ್ನು ಹೆಚ್ಚಿಸುತ್ತದೆ. ಕೆಲಸ ಹೊಗೆಯದು, ನಿಕೋಟಿನ್‌ನದಲ್ಲ. ದಮ್ಮಿಗೆ ಥಿಯೋಫಿಲಿನ್ ನುಂಗುವವರು ಬೀಡಿ ಬಿಟ್ಟರೆ ಅದೇ ಗುಳಿಗೆ ಹೆಚ್ಚಾಗಿ ವಾಂತಿ, ಎದೆಬಡಿತ ಶುರುವಾಗಬಹುದು. ಬೀಡಿ ಬಿಟ್ಟವರನ್ನು ಹೊಗಳುವ ಮೊದಲು ವೈದ್ಯರ ಬಳಿಗೆ ಕಳಿಸುತ್ತೇನೆ. ಕೆಲವರಿಗೆ ಸಿಟ್ಟೂ ಬರುತ್ತದೆ.

ಮೊನ್ನೆ ಆ ಹೆಣ್ಣುಮಗಳು ಮತ್ತೆ ಬಂದಿದ್ದರು. ನಾನು ಪುಸ್ತಕ ತೆರೆಯುವ ಮೊದಲೇ, "ಈ ತಿಂಗಳು ಏನೂ ನಿಂತಿಲ್ಲ ಸರ್, ಬರೆದುಕೊಳ್ಳಿ" ಎಂದರು.