ಮೊಗ್ಗು ಎಲ್ಲಿ ಕೂತಿದೆ ನೋಡಿ

ಅಮೆರಿಕದ ಮಿಶಿಗನ್‌ನಲ್ಲಿ ಇವತ್ತು ಗಾಳಿಗೆ ಕಾಲುದಾರಿ ಮೇಲೆ ಬಿದ್ದಿದ್ದ ಆ್ಯಶ್ ಮರದ ರೆಂಬೆ.
ಬಿಳಿ ಆ್ಯಶೋ, ಹಸಿರು ಆ್ಯಶೋ?

ಹೆಸರಲ್ಲಿರೋ ಬಣ್ಣ ನಂಬಬೇಡಿ, ಮೇಲಿಂದ ಎರಡರ ಎಲೆಯೂ ಹಸಿರೇ. ಬಿಳಿಯದರ ಎಲೆ ಮಗುಚಿದರೆ ಮಾತ್ರ ಅಡಿಭಾಗ ಮಾಸಲು ಬಿಳಿ.

ಎಲೆ ಉದುರಿದ್ದರೆ? ಕಡ್ಡಿ ಮೇಲೆ ತೊಟ್ಟು ಕಳಚಿದ ಕಲೆ ಇರುತ್ತಲ್ಲ, ಅದನ್ನ ಕಣ್ಣ ಹತ್ತಿರ ಹಿಡಿಯಿರಿ.
ಕಲೆಯ ಮೇಲಂಚು ಒಳಕ್ಕೆ ಬಾಗಿ, ಮೊಗ್ಗು ಆ ಮಡಿಲಲ್ಲಿ ಕೂತಿದ್ದರೆ ಬಿಳಿ ಆ್ಯಶ್.
ಮೇಲಂಚು ನೇರವಾಗಿ, ಅರ್ಧಕ್ಕೆ ಕತ್ತರಿಸಿದ ಇಡ್ಲಿ ಥರ ಇದ್ದು, ಮೊಗ್ಗು ಅದರ ಮೇಲೆ ನಿಂತಿದ್ದರೆ ಹಸಿರು ಆ್ಯಶ್.
ಒಂದೇ ಕಲೆ ನೋಡಿ ತೀರ್ಮಾನ ಮಾಡಬೇಡಿ, ನಾಲ್ಕೈದು ನೋಡಿ.

ಇದರ ರೆಕ್ಕೆ ಇರೋ ಬೀಜ ಸಿಕ್ಕರೆ ಇನ್ನೂ ಸುಲಭ. ಬಿಳಿಯದರಲ್ಲಿ ರೆಕ್ಕೆ ಬೀಜದ ತುದಿಯಲ್ಲೇ ಶುರು; ಹಸಿರಿನದರಲ್ಲಿ ಬೀಜದ ಅರ್ಧದವರೆಗೂ ಇಳಿದಿರುತ್ತೆ.

ಇಷ್ಟು ಸೂಕ್ಷ್ಮ ವ್ಯತ್ಯಾಸ. ಆದರೆ 2002ರಲ್ಲಿ ಇದೇ ಮಿಶಿಗನ್‌ನಲ್ಲಿ ಪತ್ತೆಯಾದ ಪಚ್ಚೆ ಬಣ್ಣದ ಕೊರೆಹುಳ ಎರಡನ್ನೂ ಬಿಡಲ್ಲ. ಮರಿಹುಳ ತೊಗಟೆಯಡಿ ಕೊರೆದು, ಆಹಾರ ಸಾಗೋ ದಾರಿಯನ್ನೇ ಕಡಿದುಹಾಕುತ್ತೆ.

ತೊಗಟೆಯಲ್ಲಿ ಇಂಗ್ಲಿಷ್ ಡಿ ಅಕ್ಷರದಂಥ, ಮೂರ್ನಾಲ್ಕು ಮಿಲಿಮೀಟರಿನ ತೂತು ಕಂಡರೆ, ಅದು ಈ ಹುಳ ಹೊರಬಂದ ಗುರುತು; ಹುಳ ಹರಡದಂತೆ ಆ ಸೌದೆಯನ್ನ ದಯವಿಟ್ಟು ಬೇರೆ ಊರಿಗೆ ಒಯ್ಯಬೇಡಿ.